ಆಚಾರ್ಯ ಪ್ರಫುಲ್ಲಚಂದ್ರ ರಾಯರ ಆತ್ಮಕಥೆ

ಇಂಗ್ಲಿಷಿನ 'ಕೆಮಿಸ್ಟ್' ಎಂಬ ಪದಕ್ಕೆ ಎರಡು ಅರ್ಥಗಳುಂಟು. ವಸ್ತುಗಳ ಗುಣಧರ್ಮಗಳನ್ನು ಪ್ರಯೋಗಶಾಲೆಯಲ್ಲಿ ಪರಿಶೋಧಿಸುವ ವಿದ್ವಾಂಸನೂ ಕೆಮಿಸ್ಟನೇ; ಪೇಟೆಯ ಬೀದಿಯಲ್ಲಿ ಸೀಸೆಗಳನ್ನು ಸಾಲಾಗಿಟ್ಟುಕೊಂಡು ಔಷಧಗಳನ್ನು ಮಾರುವವನೂ ಕೆಮಿಸ್ಟನೇ. ಆಚಾರ್ಯ ಪ್ರಫುಲ್ಲಚಂದ್ರ ರಾಯರು ತಮ್ಮ ಆತ್ಮಕಥೆಗೆ 'ಲೈಫ್ ಅಂಡ್ ಎಕ್ಸ್‌ಪೀರಿಯನ್ಸಸ್ ಆಫ್ ಎ ಬೆಂಗಾಲಿ ಕೆಮಿಸ್ಟ್' ಎಂದು ಹೆಸರಿಟ್ಟಾಗ ಈ ಶ್ಲೇಷವು ಅವರ ಮನಸ್ಸಿನಲ್ಲಿದ್ದಿತೋ ಇಲ್ಲವೋ ತಿಳಿಯದು. ಇದ್ದಿರಲಿ, ಇಲ್ಲದಿರಲಿ, ಗ್ರಂಥದ ಸಾರವೆಲ್ಲ ಆ ಒಂದು ಪದದಲ್ಲಿ ಅಡಗಿದೆ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರೇ ಬೆಂಗಾಲ್ ಕೆಮಿಕಲ್ಸ್ ಎಂಬ ಔಷಧ ಕಾರ್ಖಾನೆಯ ಸ್ಥಾಪಕರು. ಹಗಲು ಪಾಠ ಹೇಳಿದ ಕೈಯೇ ಸಂಜೆ ಮದ್ದು ಕಾಸಿತು.

ಗ್ರಂಥದ ಮೊದಲನೆಯ ಸಂಪುಟವು 1932ರಲ್ಲಿಯೂ ಎರಡನೆಯದು 1935ರಲ್ಲಿಯೂ ಹೊರಬಂದುವು. 'ಆತ್ಮಚರಿತ' ಎಂಬ ಬಂಗಾಳಿ ರೂಪವು 1937ರಲ್ಲಿ ಪ್ರಕಟವಾಯಿತು. ವಿಶ್ವವಿದ್ಯಾನಿಲಯಗಳು ಉದ್ಯಮಶೀಲತೆಯನ್ನು ಬೆಳಸಬೇಕು, ಸಣ್ಣ ಕೈಗಾರಿಕೆಗಳಿಗೆ ನೆರವಾಗಬೇಕು ಎಂಬ ಮಾತು ಈಗ ಎಲ್ಲೆಲ್ಲಿಯೂ ಕೇಳಿಬರುತ್ತಿರುವುದರಿಂದ ಈ ಗ್ರಂಥದ ಹೆಸರು ಮರಳಿ ಮರಳಿ ಉದಾಹೃತವಾಗುತ್ತಿದೆ. ಹಾಗೆ ಉದಾಹರಿಸುವವರಲ್ಲಿ ಬಹುಮಂದಿ ಅದರ ಎರಡನೆಯ ಅರ್ಧವನ್ನು, ಅಂದರೆ ತರುಣರಿಗೆ ರಾಯರು ಹೇಳಿದ ಬುದ್ಧಿವಾದವನ್ನು, ಎತ್ತಿಕೊಳ್ಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಗ್ರಂಥದ ಬೆಲೆಯಿರುವುದು ಅಲ್ಲಿ ಅಲ್ಲ. ಬುದ್ಧಿವಾದದ ಭಾಗವು ಕಥೆಯ ಭಾಗವನ್ನು ಮರೆತು ಬರೆದದ್ದು. ಕೆಲವೆಡೆ ಅದಕ್ಕೆ ವಿರುದ್ಧವಾಗಿಯೂ ಇದೆ. ಇದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಕಥೆಯನ್ನು ನೋಡೋಣ. ರಾಯರು ಹುಟ್ಟಿದ್ದು 1861ನೆಯ ಆಗಸ್ಟ್ 2ರಂದು, ಈಗ ಬಾಂಗ್ಲಾದೇಶಕ್ಕೆ ಸೇರಿರುವ ಖುಲ್ನಾ ಪ್ರಾಂತದ ರಾರುಲಿ ಎಂಬ ಹಳ್ಳಿಯಲ್ಲಿ. ತಂದೆ ಹರಿಶ್ಚಂದ್ರ ರಾಯರು ಜಮೀನುದಾರರು, ಪುಸ್ತಕಪ್ರಿಯರು. ಬಾಲ್ಯದಲ್ಲಿ ಬಂದ ಒಂದು ರಕ್ತಾತಿಸಾರವು ಹುಡುಗನನ್ನು ಶಾಲೆಯಿಂದ ಬಿಡಿಸಿ, ತಂದೆಯ ಪುಸ್ತಕಭಂಡಾರದ ಪಾಲುಮಾಡಿತು; ಅದರೊಂದಿಗೆ ಜೀವಮಾನವೆಲ್ಲ ನೀಗದ ಅಜೀರ್ಣವನ್ನೂ ಕೊಟ್ಟಿತು. ಇತಿಹಾಸ, ಸಾಹಿತ್ಯಗಳ ಮೇಲಣ ಆಗಿನ ಒಲವು ಮುಂದೆಂದೂ ಕುಂದಲಿಲ್ಲ. ಮನೆತನದ ಆಸ್ತಿ ಸಾಲಕ್ಕೆ ಸಿಲುಕಿ ಕರಗುತ್ತ ಬಂದುದನ್ನು ರಾಯರು ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ. ಜಮೀನುದಾರರೆಲ್ಲ ಕಲ್ಕತ್ತೆಯ ಸುಖಕ್ಕೆ ಮನಸೋತು ಹಳ್ಳಿಗಳನ್ನು ಬಿಟ್ಟುಹೋದುದರಿಂದ ಆದ ಹಾನಿಯನ್ನು ಹೇಳುವ ಅಧ್ಯಾಯವು ಸೊಗಸಾಗಿದೆ. ಅಲ್ಲಿ ವಾಕ್ಯಗಳು ಚಿಕ್ಕವು, ಕಣ್ಣಿಗೆ ಕಂಡದ್ದನ್ನು ಹೇಳುವಂಥವು. ಕೆರೆ ಹೂಳುವುದು, ಕಾಡು ಮನೆಯಂಗಳಕ್ಕೆ ನುಗ್ಗುವುದು, ಮಲೇರಿಯ ಬರುವುದು, ಇವುಗಳನ್ನು ಒಂದರ ಹಿಂದೊಂದನ್ನಾಗಿ ಕಾಣಿಸುವಲ್ಲಿ ಕಾರಣವೂ ಕಾರ್ಯವೂ ತಾವಾಗಿಯೇ ಸ್ಪಷ್ಟವಾಗುತ್ತವೆ. ಯಾರನ್ನೂ ಗದರಿಸುವ ಅವಶ್ಯವೇ ಬೀಳುವುದಿಲ್ಲ.

ಗಿಲ್‌ಕ್ರೈಸ್ಟ್ ವಿದ್ಯಾರ್ಥಿವೇತನವನ್ನು ಪಡೆದು 1882ರಲ್ಲಿ ಎಡಿನ್‌ಬರೋ ನಗರಕ್ಕೆ ಹೋದದ್ದು, ಕ್ರಮ್ ಬ್ರೌನರಲ್ಲಿ ಶಿಷ್ಯವೃತ್ತಿ, 1887ರಲ್ಲಿ ಡಿ. ಎಸ್‌ಸಿ. ಪದವಿ, ಇವೆಲ್ಲ ಬಹುಮಂದಿಗೆ ತಿಳಿದ ಸಂಗತಿಗಳು. 1888ರಲ್ಲಿ ಸ್ವದೇಶಕ್ಕೆ ಹಿಂತಿರುಗಿದ ಮೇಲೆ ಸುಮಾರು ಒಂದು ವರ್ಷಕಾಲ ಅವರಿಗೆ ಕೆಲಸವಿರಲಿಲ್ಲ. 1889ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ದೊರೆತ ಹುದ್ದೆಗೆ ತಿಂಗಳಿಗೆ 250 ರೂಪಾಯಿ ಸಂಬಳ. ಅದೇ ಯೋಗ್ಯತೆಯ, ಕೆಲವೊಮ್ಮೆ ಅದಕ್ಕಿಂತ ಕಡಮೆ ಯೋಗ್ಯತೆಯ, ಆಂಗ್ಲರಿಗೆ ಮೇಲಿನ ದರ್ಜೆ, ಮೇಲಿನ ಸಂಬಳ. ಇದನ್ನು ಕುರಿತು ರಾಯರು ವಿದ್ಯಾಧಿಕಾರಿ ಕ್ರಾಫ್ಟ್ ಸಾಹೇಬರಲ್ಲಿ ಅರಿಕೆಮಾಡಿಕೊಂಡಾಗ ಬಂದ ಉತ್ತರ, ಬದುಕುವುದಕ್ಕೆ ಬೇರೆ ದಾರಿಗಳೂ ಇವೆ, ಈ ಕೆಲಸವನ್ನೇ ಒಪ್ಪಿಕೊಳ್ಳಬೇಕೆಂದು ಯಾರ ಬಲಾತ್ಕಾರವೂ ಇಲ್ಲ, ಎಂಬುದು. ರಾಯರು ಅವಮಾನವನ್ನು ನುಂಗಿಕೊಂಡು ಕೆಲಸವನ್ನು ಒಪ್ಪಿಕೊಂಡರು. ಆ ಬೇರೆ ದಾರಿಯನ್ನು ಹಿಡಿದದ್ದು ಇದಾದ ಮೂರು ವರ್ಷಗಳ ಮೇಲೆ. ಹಿಡಿದಾಗಲೂ ಹಳೆಯ ದಾರಿಯನ್ನು ಬಿಡಲಿಲ್ಲ. ಈ ಅಂಶವು ಮುಂದಿನ ವಿಚಾರಕ್ಕೆ ಮುಖ್ಯವಾದ್ದರಿಂದ ವಾಚಕರು ಇದನ್ನು ಜ್ಞಾಪಕದಲ್ಲಿಡಬೇಕು.

ಬೆಂಗಾಲ್ ಕೆಮಿಕಲ್ಸಿನ ಹುಟ್ಟನ್ನು ಹೇಳುವ ಅಧ್ಯಾಯವು ಇಡೀ ಗ್ರಂಥಕ್ಕೆ ತಿಲಕಪ್ರಾಯವಾಗಿದೆ. 1892ರಲ್ಲಿ, ಸುಮಾರು 700 ರೂಪಾಯಿ ಬಂಡವಾಳದಿಂದ, ಅಪ್ಪರ್ ಸರ್ಕ್ಯುಲರ್ ರಸ್ತೆಯ 91ನೆಯ ಸಂಖ್ಯೆಯ ಬಾಡಿಗೆ ಮನೆಯಲ್ಲಿ ಕೆಲಸವು ಮೊದಲಾಯಿತು. ಗಂಧಕಾಮ್ಲ ಬೇಕು, ಸೋಡಾ ಫಾಸ್ಫೇಟು ಬೇಕು. ಇವೆಲ್ಲ ವಿಲಾಯತಿಯಿಂದ ಬರುತ್ತಿದ್ದುವು, ಇಲ್ಲಿಯೇ ಏಕೆ ಆಗಬಾರದು ಎಂಬುದು ಪ್ರಶ್ನೆ. ಫಾಸ್ಫೇಟಿಗೆ ಮೂಳೆ ಬೇಕು. ರಾಜಾಬಜಾರಿನ ಕಸಾಯಿಗಳಿಂದ ದನದ ಮೂಳೆಗಳನ್ನು ಮೂಟೆಗಟ್ಟಲೆ ತರಿಸಿ ರಾಯರು ಮನೆಯ ಮಾಳಿಗೆಯ ಮೇಲೆ ಒಣಹಾಕಿಸಿದರು. ಅಕಾಲದಲ್ಲಿ ಮಳೆ ಬಂದಿತು. ಮೂಳೆಗಂಟಿದ್ದ ಮಾಂಸವು ಕೊಳೆತು ಹುಳುಬಿದ್ದು ನಾರತೊಡಗಿತು. ಕಾಗೆಗಳು ಗುಂಪುಗುಂಪಾಗಿ ಬಂದು ತುಣುಕುಗಳನ್ನು ಕಚ್ಚಿಕೊಂಡುಹೋಗಿ, ಆಚಾರವಂತರಾದ ನೆರೆಹೊರೆಯವರ ಮನೆಗಳ ಮೇಲೆ ಬೀಳಿಸಿದುವು. ಅವರು ಕೆರಳಿದರು. ಸರಕನ್ನು ಅಲ್ಲಿಂದ ಸಾಗಿಸಬೇಕಾಯಿತು.

ಇದನ್ನು ರಾಯರು ನಗುತ್ತ ಹೇಳುತ್ತಾರೆ. ಆದರೆ ಇದು ಕೇವಲ ಹಾಸ್ಯಪ್ರಸಂಗವಲ್ಲ. ಒಬ್ಬ ಹಿಂದೂ ಮನೆತನದ ವಿದ್ವಾಂಸ, ಬ್ರಾಹ್ಮ ಸಮಾಜಕ್ಕೆ ಸೇರಿದವನೇ ಆಗಲಿ, ಗೋವಿನ ಮೂಳೆಯನ್ನು ತನ್ನ ಮನೆಯ ಮಾಳಿಗೆಯ ಮೇಲೆ ಹರಡಿಸಿದನೆಂದರೆ ಅದರ ಅರ್ಥವೇನು? ಈ ಪ್ರಶ್ನೆಗೆ ಆತ್ಮಕಥೆಯಲ್ಲಿ ಉತ್ತರವಿಲ್ಲ. ಉತ್ತರವಿರುವುದು ಇನ್ನೊಂದು ಗ್ರಂಥದಲ್ಲಿ.

ಆ ಹತ್ತು ವರ್ಷಗಳಲ್ಲಿ ರಾಯರು ಮೂರು ಕೆಲಸಗಳನ್ನು ಏಕಕಾಲದಲ್ಲಿ ನಡೆಸುತ್ತಿದ್ದರು. ಒಂದು ಕಾರ್ಖಾನೆ. ಎರಡು, 1895-96ರ ಸುಮಾರಿನಲ್ಲಿ ಅವರಿಗೆ ಕೀರ್ತಿ ತಂದ ಮರ್ಕ್ಯುರಸ್ ನೈಟ್ರೈಟಿನ ಸಂಶೋಧನೆ. ಮೂರು, ಪ್ರಾಚೀನ ರಸಗ್ರಂಥಗಳ ಅಧ್ಯಯನ. ಇದರ ಫಲವಾಗಿ 'ಹಿಂದೂ ರಸಾಯನಶಾಸ್ತ್ರದ ಇತಿಹಾಸ'ದ ಮೊದಲನೆಯ ಸಂಪುಟವು 1902ರಲ್ಲಿಯೂ ಎರಡನೆಯದು 1909ರಲ್ಲಿಯೂ ಬೆಳಕಿಗೆ ಬಂದುವು. ಮೊದಲನೆಯ ಸಂಪುಟದ ಕೊನೆಯಲ್ಲಿ, ನಮ್ಮ ದೇಶದಲ್ಲಿ ವೈಜ್ಞಾನಿಕ ದೃಷ್ಟಿಯು ಕ್ಷೀಣಿಸಿದುದಕ್ಕೆ ಕಾರಣವೇನೆಂಬುದನ್ನು ರಾಯರು ವಿಚಾರಿಸುತ್ತಾರೆ. ಅವರ ನಿರ್ಣಯ ಇದು: ಜಾತಿಪದ್ಧತಿಯು ಬಿಗಿಯಾದಂತೆ ಕೈಕೆಲಸಗಳೆಲ್ಲ ಕೀಳೆನಿಸಿ ಕೆಳಗಿನ ಜಾತಿಗಳ ಪಾಲಾದುವು, ಬುದ್ಧಿಜೀವಿಗಳಾದವರು ಕಮ್ಮಾರನ ಕುಲುಮೆಯಿಂದಲೂ ಬಣ್ಣಗಾರನ ತೊಟ್ಟಿಯಿಂದಲೂ ದೂರವಾದರು, ಹೆಣವನ್ನು ಮುಟ್ಟಿದರೆ ಮೈಲಿಗೆಯೆಂಬ ವಿಧಿಯಿಂದ ಸುಶ್ರುತನು ಬೋಧಿಸಿದ ಶವಚ್ಛೇದನವು ನಿಂತುಹೋಯಿತು, 'ಹೇಗೆ', 'ಏಕೆ' ಎಂಬ ಪ್ರಶ್ನೆಗಳನ್ನು ಕೇಳಬಲ್ಲವರಿಗೆ ಕೈಯಿಲ್ಲದೆ ಹೋಯಿತು, ಕೈಯಿದ್ದವರಿಗೆ ಆ ಪ್ರಶ್ನೆಗಳು ತಲಪದೆ ಹೋದುವು. ಶಂಕರರ ಮಾಯಾವಾದವನ್ನೂ ರಾಯರು ಈ ಕಾರಣಗಳಲ್ಲಿ ಸೇರಿಸುತ್ತಾರೆ. ಅದು ಎಷ್ಟರಮಟ್ಟಿಗೆ ಸಾಧು ಎಂಬುದು ಚರ್ಚಾಸ್ಪದ, ಇಲ್ಲಿ ಬೇಡ. ಜಾತಿಯನ್ನು ಕುರಿತ ಅವರ ವಾದವು ಮಾತ್ರ ಪುರಾತನ ಗ್ರಂಥಗಳ ಆಧಾರದಿಂದ ಹುಟ್ಟಿದ್ದು. 'ರಸೇಂದ್ರಚಿಂತಾಮಣಿ'ಯ ಕರ್ತೃವು ತಾನು ಕೈಯಾರ ಮಾಡಿ ನೋಡದುದನ್ನು ಬರೆಯಲಾರೆನೆಂದು ಹೇಳಿರುವ ಮಾತನ್ನು ರಾಯರು ಅಭಿಮಾನದಿಂದ ಎತ್ತಿ ತೋರಿಸುತ್ತಾರೆ. ಅವರಿಗೆ ಬೇಕಾಗಿದ್ದ ಪೂರ್ವಿಕರು ಇಂಥವರು.

ಈ ದೃಷ್ಟಿಯಿಂದ ನೋಡಿದರೆ ಮಾಳಿಗೆಯ ಮೇಲಣ ಮೂಳೆಗಳ ಅರ್ಥವು ವಿಶದವಾಗುತ್ತದೆ. ತಲೆಯನ್ನೂ ಕೈಯನ್ನೂ ಮತ್ತೆ ಒಂದುಗೂಡಿಸುವುದು ಆ ಕಾರ್ಖಾನೆಯ ಅಂತರಾರ್ಥ. ಎಂ. ಎ. ಪದವಿ ಪಡೆದ ತರುಣನು ಅಲ್ಲಿ ಕಡಾಯಿಯ ಮುಂದೆ ನಿಲ್ಲಬೇಕು. ಇತಿಹಾಸಗ್ರಂಥದಲ್ಲಿ ರಾಯರು ಯಾವ ರೋಗವನ್ನು ಗುರುತಿಸಿದರೋ ಅದಕ್ಕೆ ಕಾರ್ಖಾನೆಯಲ್ಲಿ ಚಿಕಿತ್ಸೆಯನ್ನು ನಡೆಸುತ್ತಿದ್ದರು. ಅವರು ಮಾರಾಟಕ್ಕೆ ತಂದ ಸರಕುಗಳೂ ಇದನ್ನೇ ಹೇಳುತ್ತವೆ. ಮೊದಲು ಬ್ರಿಟಿಷ್ ಔಷಧಕೋಶದ ಮದ್ದುಗಳನ್ನು ತಯಾರಿಸಿದರು. ಆಮೇಲೆ ಆಡುಸೋಗೆ, ಕೊಡಸಿಗೆ, ನೆಲಬೇವು, ಓಮ ಮೊದಲಾದ ನಾಡಮದ್ದುಗಳನ್ನು ಹೊಸ ಕ್ರಮದಲ್ಲಿ ಭಟ್ಟಿಯಿಳಿಸಿ, ಅಳತೆಗೆ ತಂದು, ಸೀಸೆಗಳಲ್ಲಿ ತುಂಬಿದರು. ಓಮದ ನೀರು ಬಂಗಾಳದ ಮನೆಮನೆಯ ವಸ್ತುವಾಯಿತು. ವೈದ್ಯಗ್ರಂಥಗಳ ಪಾಠಶೋಧನೆ ಮಾಡುತ್ತಿದ್ದ ಮೇಜಿಗೂ ಕಷಾಯ ಕುದಿಯುತ್ತಿದ್ದ ಒಲೆಗೂ ನಡುವೆ ಕೆಲವು ಹೆಜ್ಜೆಗಳ ಅಂತರವಿದ್ದಿತಷ್ಟೆ.

ಪೇಟೆಯು ಸುಲಭವಾಗಿ ಮಣಿಯಲಿಲ್ಲ. ಅಂಗಡಿಯವರು ದೇಶೀಯ ಸರಕನ್ನು ಮೂಸಿ ನೋಡಿ ಪಕ್ಕಕ್ಕಿಟ್ಟರು. ಗಿರಾಕಿಗೆ ವಿಲಾಯತಿಯ ಹೆಸರೇ ಬೇಕೆಂದರು. ಆ ಹೊತ್ತಿನಲ್ಲಿ ನೆರವಾದವರು ವೈದ್ಯರಾದ ಅಮೂಲ್ಯಚರಣ ಬಸು ಎಂಬ ಮಿತ್ರರು. ತಾವು ಈ ಔಷಧಗಳನ್ನು ಬಳಸಿದ್ದಲ್ಲದೆ ಇತರ ವೈದ್ಯರಿಂದಲೂ ಬಳಸಿಸಿದರು. ಅವರ ಭಾವಮೈದುನ ಸತೀಶಚಂದ್ರ ಸಿಂಹನೆಂಬ ರಸಾಯನಶಾಸ್ತ್ರದ ಪದವೀಧರನು, ವಕೀಲಿಯನ್ನೋ ಸರ್ಕಾರಿ ನೌಕರಿಯನ್ನೋ ಅರಸಿಕೊಂಡು ಹೋಗದೆ ಕಾರ್ಖಾನೆಗೆ ಬಂದು ಸೇರಿದನು. ಹೀಗೆ ಬಂದ ಮೊದಲನೆಯ ಪದವೀಧರನು ಪ್ರಯೋಗಶಾಲೆಯಲ್ಲಿ ಆಕಸ್ಮಿಕವಾಗಿ ಪ್ರಸಿಕ್ ಆಮ್ಲದ ವಿಷವೇರಿ ತೀರಿಕೊಂಡನು. 1898ರಲ್ಲಿ ಅಮೂಲ್ಯಚರಣರೂ ಪ್ಲೇಗಿಗೆ ಬಲಿಯಾದರು. ಈ ಎರಡು ಸಾವುಗಳನ್ನು ರಾಯರು ಕೆಲವೇ ವಾಕ್ಯಗಳಲ್ಲಿ ಹೇಳಿ ಮುಂದಕ್ಕೆ ಹೋಗುತ್ತಾರೆ. ಬೇರೆ ಕಡೆಗಳಲ್ಲಿ ಒಂದು ಮಾತಿಗೆ ನಾಲ್ಕು ಆಂಗ್ಲ ಗ್ರಂಥಕಾರರ ಸಾಕ್ಷ್ಯವನ್ನು ತರುವ ಈ ಲೇಖಕರು ಇಲ್ಲಿ ಯಾರ ಮಾತನ್ನೂ ಎರವಲು ತರುವುದಿಲ್ಲ. ಗ್ರಂಥದಲ್ಲಿ ಅತ್ಯಂತ ಗಂಭೀರವಾದ ಪುಟಗಳು ಇವೇ ಎನ್ನಬೇಕು.

ಈಗ ಒಂದು ಪ್ರಶ್ನೆ. ಸರಕು ಮಾರಾಟವಾಗದೆ, ಜೊತೆಗಾರರು ಒಬ್ಬೊಬ್ಬರಾಗಿ ಕಳಚಿಹೋಗುತ್ತಿದ್ದ ಆ ಹತ್ತು ವರ್ಷಗಳ ಕಾಲ ಕಾರ್ಖಾನೆಯು ಉಳಿದದ್ದು ಹೇಗೆ? ರಾಯರ ಪರಿಶ್ರಮ, ಸರಳಜೀವನ, ದೇಶಭಕ್ತಿ ಎಂಬ ಉತ್ತರವು ಸಿದ್ಧವಾಗಿದೆ; ಅದು ಸುಳ್ಳೂ ಅಲ್ಲ. ಆದರೆ ಅವರ ಕಥೆಯನ್ನೇ ಎಚ್ಚರದಿಂದ ಓದಿದರೆ ಇನ್ನೊಂದು ಉತ್ತರವೂ ದೊರೆಯುತ್ತದೆ. ತಿಂಗಳು ತಿಂಗಳಿಗೆ ತಪ್ಪದೆ ಬರುತ್ತಿದ್ದ ಕಾಲೇಜಿನ ಸಂಬಳವು ಅವರ ಊಟಕ್ಕೆ ಆಧಾರವಾಗಿದ್ದಿತು. ಕಾರ್ಖಾನೆ ಮುಳುಗಿದರೂ ಅಧ್ಯಾಪಕನು ಮುಳುಗುವಂತಿರಲಿಲ್ಲ. ಮದುವೆಯಾಗಲಿಲ್ಲ, ಸಾಕಬೇಕಾದ ಹೆಂಡತಿ ಮಕ್ಕಳಿಲ್ಲ. 1901-02ರಲ್ಲಿ ಕಲ್ಕತ್ತೆಯಲ್ಲಿ ಗೋಖಲೆಯವರು ಗಾಂಧಿಯವರಿಗೆ ರಾಯರ ಪರಿಚಯವನ್ನು ಮಾಡಿಸಿದಾಗ, ಇವರಿಗೆ ತಿಂಗಳಿಗೆ 800 ರೂಪಾಯಿ ಸಂಬಳ, ಅದರಲ್ಲಿ ತಮಗೆಂದು 40 ರೂಪಾಯಿ ಇಟ್ಟುಕೊಂಡು ಮಿಕ್ಕದ್ದನ್ನು ಲೋಕಹಿತಕ್ಕೆ ಕೊಡುತ್ತಾರೆ ಎಂದು ಹೇಳಿದುದನ್ನು ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ತ್ಯಾಗದ ಉದಾಹರಣೆಯಾಗಿ ಈ ಸಂಗತಿ ಪ್ರಸಿದ್ಧವಾಗಿದೆ. ಅರ್ಥಶಾಸ್ತ್ರದ ದೃಷ್ಟಿಯಿಂದ ಓದಿದರೆ ಇದೇ ಸಂಗತಿ, ಸರ್ಕಾರದ ಸಂಬಳವೇ ದೇಶೀಯ ಉದ್ಯಮಕ್ಕೆ ಆಪದ್ಧನವಾಗಿದ್ದಿತೆಂಬುದನ್ನೂ ಹೇಳುತ್ತದೆ. ವಿಶ್ವವಿದ್ಯಾನಿಲಯವು ಸಣ್ಣ ಕೈಗಾರಿಕೆಗೆ ಮಾಡಬಹುದಾದ ಮೊದಲನೆಯ ಉಪಕಾರವು ಉಪದೇಶವಲ್ಲ, ಸೋಲನ್ನು ತಡೆದುಕೊಳ್ಳುವ ಶಕ್ತಿ ಎಂಬುದು ರಾಯರ ಜೀವನದಿಂದ ಹೊರಡುವ ಅರ್ಥ. 1901ರಲ್ಲಿ ಕಾರ್ಖಾನೆಯು ಪರಿಮಿತ ಹೊಣೆಯ ಕಂಪನಿಯಾಗಿ ನೋಂದಾಯಿತವಾಗಿ ಷೇರುದಾರರನ್ನು ಪಡೆಯಿತು. ಅನಂತರ ಮಾಣಿಕತಲಾದಲ್ಲಿಯೂ ಪಾಣಿಹಾಟಿಯಲ್ಲಿಯೂ ದೊಡ್ಡ ಕಟ್ಟಡಗಳೆದ್ದುವು. ಅಷ್ಟು ಹೊತ್ತಿಗೆ ಕಷ್ಟದ ಕಾಲವು ಕಳೆದಿದ್ದಿತು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲನೆಯ ಸಂಪುಟದ ಎರಡನೆಯ ಭಾಗಕ್ಕೆ ಬಂದರೆ ಆಶ್ಚರ್ಯವಾಗುತ್ತದೆ. ಧ್ವನಿಯೇ ಬದಲಾಗಿದೆ. ಇಲ್ಲಿ ರಾಯರು ವಿಶ್ವವಿದ್ಯಾನಿಲಯದ ಪದವಿಯ ಹುಚ್ಚನ್ನು ಖಂಡಿಸುತ್ತಾರೆ. ಬಂಗಾಳಿಯು ಸೋಮಾರಿ, ನೌಕರಿಯ ದಾಸ, ಸಾಹಸಹೀನನೆಂದು ಹಳಿಯುತ್ತಾರೆ. ಕೈಯಲ್ಲಿ ಲೋಟವೊಂದನ್ನು ಹಿಡಿದು ಬಂದು ಲಕ್ಷಾಧೀಶನಾದ ಮಾರವಾಡಿಯನ್ನು ಪಕ್ಕದಲ್ಲಿ ನಿಲ್ಲಿಸಿ ಹೋಲಿಸುತ್ತಾರೆ. ಒಂದು ಜನಾಂಗಕ್ಕೆ ಇಂಥ ಗುಣ, ಇನ್ನೊಂದಕ್ಕೆ ಇಂಥ ದೋಷ ಎಂಬ ಬಗೆಯ ವಾಕ್ಯಗಳು ಪುಟಪುಟದಲ್ಲಿಯೂ ಬರುತ್ತವೆ. ಎರಡನೆಯ ಸಂಪುಟದಲ್ಲಂತೂ ಅಂಕಿಗಳೂ ವೃತ್ತಪತ್ರಿಕೆಗಳ ಉದ್ಧೃತಭಾಗಗಳೂ ಸೇರಿ 'ನಾನು' ಎಂಬುವನೇ ಮರೆಯಾಗುತ್ತಾನೆ, ಆತ್ಮಕಥೆಯು ವರದಿಯಾಗುತ್ತದೆ.

ಪುನರುಕ್ತಿಯಾಗಲಿ ವಿಸ್ತಾರವಾಗಲಿ ಇಲ್ಲಿಯ ಮುಖ್ಯ ದೋಷವಲ್ಲ. ಎಪ್ಪತ್ತು ದಾಟಿದ ಹಿರಿಯರ ಗ್ರಂಥದಲ್ಲಿ ಅದನ್ನು ಕ್ಷಮಿಸಬಹುದು. ದೋಷವಿರುವುದು ತರ್ಕದಲ್ಲಿ. 1902ರಲ್ಲಿ ಇದೇ ಲೇಖಕರು, ಭಾರತೀಯರ ಬುದ್ಧಿಯು ವಸ್ತುಪ್ರಪಂಚದಿಂದ ವಿಮುಖವಾದುದಕ್ಕೆ ಸಮಾಜದ ಏರ್ಪಾಡು ಕಾರಣವೆಂದು ಸಾಧಿಸಿದ್ದರು. ಹಾಳುಬಿದ್ದ ಹಳ್ಳಿಗಳ ಅಧ್ಯಾಯದಲ್ಲಿಯೂ ಜಮೀನು ಹಿಡುವಳಿಯ ಕ್ರಮವನ್ನೂ ಜಮೀನುದಾರರ ವಲಸೆಯನ್ನೂ ಕಾರಣವಾಗಿ ತೋರಿಸಿದ್ದರು. ಈಗ ಅವೆಲ್ಲವನ್ನೂ ಬದಿಗಿಟ್ಟು ಸ್ವಭಾವವೇ ಕಾರಣವೆನ್ನುತ್ತಾರೆ. ಬಂಗಾಳಿ ತರುಣನು ವ್ಯಾಪಾರಕ್ಕೆ ಇಳಿಯದಿರುವುದು ಸೋಮಾರಿತನದಿಂದ ಎಂಬುದಾದರೆ, ಮಾಳಿಗೆಯ ಮೇಲಿನ ಮೂಳೆಗಳಿಗೆ ನೆರೆಹೊರೆಯವರು ಕೆರಳಿದುದು ಏತರಿಂದ? ಅಂಗಡಿಯವನು ನಾಡಮದ್ದನ್ನು ಪಕ್ಕಕ್ಕಿಟ್ಟದ್ದು ಏತರಿಂದ? ಸ್ವತಃ ರಾಯರೇ ವಿವರಿಸಿದ ಅಡ್ಡಿಗಳಲ್ಲಿ ಒಂದಾದರೂ ಸೋಮಾರಿತನದಿಂದ ಬಂದದ್ದಲ್ಲ. ಮಾರವಾಡಿ ವರ್ತಕನು ಬರಿಗೈಯಲ್ಲಿ ಬಂದನೆಂಬ ಮಾತೂ ಅರೆಸತ್ಯ. ಅವನ ಹಿಂದೆ ಊರಿಂದೂರಿಗೆ ಹರಡಿದ ಬಂಧುವರ್ಗವೂ ನಂಬಿಕೆಯ ಮೇಲೆ ನಡೆಯುವ ಹುಂಡಿಯ ವ್ಯವಹಾರವೂ ಇದ್ದುವು. ರಾಯರಿಗೆ ಕಾಲೇಜಿನ ಸಂಬಳವು ಏನಾಗಿದ್ದಿತೋ ಅವನಿಗೆ ಅದು ಅದೇ ಆಗಿದ್ದಿತು.

ಇಲ್ಲಿಯೇ ಆ ಜ್ಞಾಪಕದಲ್ಲಿಡಬೇಕೆಂದ ಅಂಶವು ಪ್ರಯೋಜನಕ್ಕೆ ಬರುತ್ತದೆ. ನೌಕರಿಯ ಆಸೆಯನ್ನು ಬಿಟ್ಟು ವ್ಯಾಪಾರಕ್ಕೆ ಹೋಗಿರಿ ಎಂದು ತರುಣರಿಗೆ ಹೇಳಿದ ಆಚಾರ್ಯರು ತಾವು ನೌಕರಿಯನ್ನು ಬಿಡಲಿಲ್ಲ. ಪ್ರೆಸಿಡೆನ್ಸಿ ಕಾಲೇಜಿನಿಂದ 1916ರಲ್ಲಿ ನಿವೃತ್ತರಾಗಿ ವಿಶ್ವವಿದ್ಯಾನಿಲಯದ ವಿಜ್ಞಾನ ಕಾಲೇಜಿನಲ್ಲಿ ಪಾಲಿತ್ ಪ್ರಾಧ್ಯಾಪಕರಾದರು. ಅರುವತ್ತು ತುಂಬಿದ ಮೇಲೆ ಆ ಸಂಬಳವನ್ನು ವಿಶ್ವವಿದ್ಯಾನಿಲಯಕ್ಕೇ ಬಿಟ್ಟುಕೊಟ್ಟು ಆ ಕಾಲೇಜಿನ ಒಂದು ಕೋಣೆಯಲ್ಲಿ ವಾಸಮಾಡಿದರು. ಇದನ್ನು ಕಪಟವೆಂದು ಹೇಳುವುದು ಘೋರ ಅನ್ಯಾಯವಾದೀತು. ಅವರು ಕಾರ್ಖಾನೆಯಿಂದ ಸಿರಿವಂತರಾಗಲಿಲ್ಲ, ಆಗಬೇಕೆಂದು ಬಯಸಲೂ ಇಲ್ಲ. ಆದರೆ ಲಾಭವನ್ನು ಬಯಸದವನು ಲಾಭಕ್ಕಾಗಿ ದುಡಿಯಬೇಕಾದವನಿಗೆ ಮಾದರಿಯಾಗುವುದು ಹೇಗೆ? ಸಂಸಾರವನ್ನು ಹೊತ್ತ ಬಡ ಪದವೀಧರನು ಈ ಪುಸ್ತಕವನ್ನು ಓದಿ, ಆಚಾರ್ಯರು 700 ರೂಪಾಯಿಯಲ್ಲಿ ಆರಂಭಿಸಿದರು, ನಾನೂ ಆರಂಭಿಸುವೆನೆಂದು ಹೊರಟರೆ, 700ರ ಜೊತೆಗೆ ತಿಂಗಳಿಗೊಮ್ಮೆ ಬರುತ್ತಿದ್ದ 250ನ್ನು ಅವನ ಲೆಕ್ಕಕ್ಕೆ ತಂದುಕೊಡುವವರು ಯಾರು? ಆಚಾರ್ಯರ ಮಾತನ್ನು ತರಗತಿಯಲ್ಲಿ ಎತ್ತಿಹೇಳಿ ವಿದ್ಯಾರ್ಥಿಗಳನ್ನು ನಾಚಿಸುವ ನಾವು, ಅಧ್ಯಾಪಕರು, ಈ ಕೂಡುವ ಲೆಕ್ಕವನ್ನು ಸಾಮಾನ್ಯವಾಗಿ ಮಾಡುವುದಿಲ್ಲ.

ಎರಡನೆಯ ಭಾಗದಲ್ಲಿ ಒಪ್ಪತಕ್ಕ ವಿಚಾರವೇ ಇಲ್ಲವೆಂದಲ್ಲ. ಕೈಗಾರಿಕೆಯು ಮೊದಲು ಹುಟ್ಟಬೇಕು, ತಾಂತ್ರಿಕ ವಿದ್ಯಾಲಯವು ಅದರ ಹಿಂದೆ ಬರಬೇಕು. ಕಾರ್ಖಾನೆಗಳಿಲ್ಲದ ನಾಡಿನಲ್ಲಿ ವಿದ್ಯಾಲಯಗಳನ್ನು ಕಟ್ಟಿದರೆ ನಿರುದ್ಯೋಗಿಗಳ ಹೊಸ ವರ್ಗವೊಂದು ಏರ್ಪಡುತ್ತದೆ, ಎಂಬ ಅವರ ವಾದವು ಅನುಭವದಿಂದ ಬಂದದ್ದು. ಕುಂಬಾರಿಕೆ, ಎನಾಮಲ್, ಹಣ್ಣುಗಳನ್ನು ಡಬ್ಬಿಗಳಲ್ಲಿ ಕಾಪಿಡುವ ಕೈಗಾರಿಕೆ ಮೊದಲಾದ ಹಲವು ಸಣ್ಣ ಕಂಪನಿಗಳಿಗೆ ಅವರು ನೆರವಾದವರು. ಅವುಗಳ ಕಷ್ಟಗಳನ್ನು ಬಲ್ಲವರು. ಆದರೂ ವಾದವು ಪೂರ್ಣವಲ್ಲ. ನಮ್ಮ ಬೆಂಗಳೂರಿನಲ್ಲಿಯೇ ಇದಕ್ಕೆ ವಿರುದ್ಧವಾದ ದೃಷ್ಟಾಂತವೊಂದಿದೆ. 1914ರ ಯುದ್ಧದಿಂದ ಮೈಸೂರಿನ ಶ್ರೀಗಂಧವು ಜರ್ಮನಿಗೆ ಹೋಗುವುದು ನಿಂತಾಗ, ಎಣ್ಣೆಯನ್ನು ಇಲ್ಲಿಯೇ ತೆಗೆಯುವ ಕ್ರಮವನ್ನು ಟಾಟಾ ವಿಜ್ಞಾನಮಂದಿರದ ಸಡ್‌ಬರೋ, ವಾಟ್ಸನ್ ಎಂಬ ಪ್ರಾಧ್ಯಾಪಕರು ತಮ್ಮ ಪ್ರಯೋಗಶಾಲೆಯಲ್ಲಿ ಸಿದ್ಧಪಡಿಸಿಕೊಟ್ಟರು. 1916ರಲ್ಲಿ ಸರ್ಕಾರದ ಗಂಧದೆಣ್ಣೆಯ ಕಾರ್ಖಾನೆಯು ನಡೆಯತೊಡಗಿತು. ಸಾಬೂನಿನ ಉದ್ಯಮವು ಅದರ ಬೆನ್ನಹಿಂದೆಯೇ ಬಂದಿತು. ಇಲ್ಲಿ ವಿದ್ಯಾಲಯವು ಮೊದಲು, ಕಾರ್ಖಾನೆ ಆಮೇಲೆ. ವ್ಯತ್ಯಾಸಕ್ಕೆ ಕಾರಣವೂ ಸ್ಪಷ್ಟ: ಮೈಸೂರಿನಲ್ಲಿ ನಷ್ಟವನ್ನು ಹೊರಲು ಸಂಸ್ಥಾನವು ಸಿದ್ಧವಾಗಿದ್ದಿತು, ದಿವಾನರಾಗಿ ವಿಶ್ವೇಶ್ವರಯ್ಯನವರಿದ್ದರು, ಕಲ್ಕತ್ತೆಯಲ್ಲಿ ರಾಯರ ಬೆನ್ನಿಗಿದ್ದುದು ರಾಯರ ಸಂಬಳ ಮಾತ್ರ. ವಿಶ್ವೇಶ್ವರಯ್ಯನವರೂ 1951ರಲ್ಲಿ ತಮ್ಮ ವೃತ್ತಿಜೀವನದ ನೆನಪುಗಳನ್ನು ಪ್ರಕಟಿಸಿದರು. ಅದರಲ್ಲಿ ಸಾಧನೆಗಳ ಪಟ್ಟಿಯುಂಟು, ಮನುಷ್ಯನ ಸುಳಿವು ಕಡಮೆ. ಕೊಳೆತ ಮೂಳೆಯ ವಾಸನೆ ಅಲ್ಲಿ ಎಲ್ಲಿಯೂ ಬರುವುದಿಲ್ಲ. ಈ ಹೋಲಿಕೆಯಲ್ಲಿ ರಾಯರ ಮೊದಲ ಭಾಗದ ಹಿರಿಮೆ ಎದ್ದುಕಾಣುತ್ತದೆ. ರಾಯರ ಶಿಷ್ಯರಲ್ಲಿ ಒಬ್ಬರಾದ ಜ್ಞಾನಚಂದ್ರ ಘೋಷರು 1939ರಿಂದ 1948ರವರೆಗೆ ಆ ಬೆಂಗಳೂರಿನ ಸಂಸ್ಥೆಗೆ ನಿರ್ದೇಶಕರಾಗಿದ್ದರೆಂಬುದನ್ನು ಪ್ರಸಂಗವಶಾತ್ ಹೇಳಬಹುದು.

ಗ್ರಂಥದಲ್ಲಿ ಇನ್ನೊಂದು ಕೊರತೆಯಿದೆ. ಅದನ್ನು ತುಂಬಿದವರು ಕಾರ್ಖಾನೆಯವರೇ ಆದದ್ದು ಸಾಹಿತ್ಯದ ಇತಿಹಾಸದಲ್ಲಿ ಒಂದು ಸ್ವಾರಸ್ಯ. ವ್ಯಾಪಾರವನ್ನು ಕುರಿತು ಇಷ್ಟೊಂದು ಬರೆದ ರಾಯರಿಗೆ ವ್ಯಾಪಾರದ ಒಳಗಣ ಮೋಸವನ್ನು ಕಂಡು ನಗುವ ಶಕ್ತಿಯಿರಲಿಲ್ಲ. ಅವರಿಗೆ ಉದ್ಯಮವು ತಪಸ್ಸು. 1903ರಲ್ಲಿ ಬೆಂಗಾಲ್ ಕೆಮಿಕಲ್ಸಿಗೆ ರಸಾಯನಜ್ಞರಾಗಿ ಬಂದು ಅಲ್ಲಿಯೇ ವ್ಯವಸ್ಥಾಪಕರಾಗಿ 1932ರವರೆಗೆ ದುಡಿದವರು ರಾಜಶೇಖರ ಬಸು. 'ಪರಶುರಾಮ' ಎಂಬ ಹೆಸರಿನಿಂದ ಬಂಗಾಳಿಯ ಹಾಸ್ಯಸಾಹಿತ್ಯವನ್ನು ಬೆಳಗಿದವರೂ, 'ಚಲಂತಿಕಾ' ನಿಘಂಟನ್ನು ರಚಿಸಿದವರೂ ಇವರೇ. 1922ರಲ್ಲಿ ಪ್ರಕಟವಾದ ಇವರ ಮೊದಲನೆಯ ಕಥೆಯ ಹೆಸರು 'ಶ್ರೀಶ್ರೀಸಿದ್ಧೇಶ್ವರೀ ಲಿಮಿಟೆಡ್'. ದೇವಿಯ ಹೆಸರಿನಲ್ಲಿ ಕಂಪನಿಯೊಂದನ್ನು ಹೂಡಿ, ಭಕ್ತಿಯನ್ನು ಬಂಡವಾಳಮಾಡಿ, ಷೇರುಗಳನ್ನು ಮಾರಿ ಜನರನ್ನು ಬೋಳಿಸುವ ಚತುರರ ಕಥೆ ಅದು. ನಿಜವಾದ ಕಂಪನಿಯನ್ನು ಹಗಲೆಲ್ಲ ನಡೆಸುತ್ತಿದ್ದ ಕೈಯಿಂದಲೇ ಸುಳ್ಳು ಕಂಪನಿಯ ಚಿತ್ರವು ಇಷ್ಟು ಕರಾರುವಾಕ್ಕಾಗಿ ಬಂದಿತು. ಈ ಕಥೆಗಳ ಸಂಕಲನವನ್ನು ರವೀಂದ್ರನಾಥ ಠಾಕೂರರು ಹೊಗಳಿದಾಗ, ಈ ಹೊಗಳಿಕೆಯಿಂದ ತಮ್ಮ ಕಾರ್ಖಾನೆಯ ವ್ಯವಸ್ಥಾಪಕನು ಕೈತಪ್ಪಿಹೋದಾನೆಂದು ರಾಯರು ವಿನೋದವಾಗಿ ದೂರಿದರು. ಅದಕ್ಕೆ ಕವಿಗಳು, ಒರೆಗೆ ಹಚ್ಚಿ ನೋಡಿದ್ದೇನೆ, ಈತನು ರಾಸಾಯನಿಕ ಚಿನ್ನವಲ್ಲ, ಗಣಿಯ ಅಪ್ಪಟ ಚಿನ್ನ ಎಂಬರ್ಥದ ಉತ್ತರವನ್ನು ಬರೆದರು. ಈ ಪತ್ರವ್ಯವಹಾರದಲ್ಲಿ ಕಾಣುವ ಲಘುವಾದ ರಾಯರು ಆತ್ಮಕಥೆಯ ಎರಡನೆಯ ಭಾಗದಲ್ಲಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸುತ್ತದೆ.

ರಾಯರು 1944ನೆಯ ಜೂನ್ 16ರಂದು ಕಾಲವಾದರು. ಅವರ ಕಾರ್ಖಾನೆಯ ಆಡಳಿತವನ್ನು 1977ರಲ್ಲಿ ಸರ್ಕಾರವು ವಹಿಸಿಕೊಂಡಿತು. 1980ರಲ್ಲಿ ಅದು ರಾಷ್ಟ್ರೀಕೃತವಾಯಿತು. ಸರ್ಕಾರದ ಸಂಬಳದ ಆಸರೆಯಲ್ಲಿ ಹುಟ್ಟಿದ ಸಂಸ್ಥೆಯು ಸರ್ಕಾರದ ಆಸರೆಗೇ ಹಿಂದಿರುಗಿತು. ಇದನ್ನು ಉದ್ಯಮದ ಸೋಲೆಂದು ಬಗೆಯುವವರುಂಟು. ಅದರ ವಿಚಾರವು ಅರ್ಥಶಾಸ್ತ್ರಜ್ಞರಿಗೆ ಸೇರಿದ್ದು.

ತರಗತಿಗಳಲ್ಲಿ ಈ ಗ್ರಂಥವನ್ನು ಓದಿಸಬಯಸುವ ಅಧ್ಯಾಪಕರಿಗೆ ನಮ್ಮ ಸೂಚನೆಯಿಷ್ಟು. ಹಾಳುಬಿದ್ದ ಹಳ್ಳಿಗಳ ಅಧ್ಯಾಯ, ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿದ ಅಧ್ಯಾಯ, ಕಾರ್ಖಾನೆಯ ಹುಟ್ಟಿನ ಅಧ್ಯಾಯ, ಈ ಮೂರನ್ನು ಪೂರ್ತಿಯಾಗಿ ಓದಿಸಬೇಕು. ಅವುಗಳ ಜೊತೆಗೆ ರಸಾಯನಶಾಸ್ತ್ರದ ಇತಿಹಾಸದ ಮೊದಲನೆಯ ಸಂಪುಟದಲ್ಲಿ ವೈಜ್ಞಾನಿಕ ದೃಷ್ಟಿಯ ಅವನತಿಯನ್ನು ಹೇಳುವ ಪುಟಗಳನ್ನೂ, ಸಾಧ್ಯವಾದರೆ ಪರಶುರಾಮರ ಆ ಕಥೆಯನ್ನೂ ಇಡಬೇಕು. ಆಂಗ್ಲ ಗ್ರಂಥಕಾರರ ಉದ್ಧೃತವಾಕ್ಯಗಳನ್ನು ಬಿಟ್ಟು ಓದಿದರೆ ನಷ್ಟವಿಲ್ಲ. ಎರಡನೆಯ ಸಂಪುಟವು ಬಂಗಾಳದ ಆರ್ಥಿಕ ಸ್ಥಿತಿಯನ್ನು ಅಭ್ಯಾಸಮಾಡುವವರ ಕೈಯಲ್ಲಿರಲಿ.